ಪ ಸ ಗ ದ

ಹೊಸ ಯುಕುಲೇಲೆ ಕೊಂಡವರೆಲ್ಲರ ಮೊದಲ ದೂರು ಒಂದೇ. ಸಂಜೆ ಟ್ಯೂನರ್ ಸಿಕ್ಕಿಸಿಕೊಂಡು, ನಾಲ್ಕೂ ತಂತಿಗೆ ಹಸಿರು ದೀಪ ಹತ್ತುವವರೆಗೆ ಬಿರಡೆ ತಿರುಗಿಸಿ, ನೆಮ್ಮದಿಯಿಂದ ಮಲಗಿರುತ್ತಾರೆ. ಬೆಳಿಗ್ಗೆ ಎದ್ದು ಮೀಟಿದರೆ ನಾಲ್ಕೂ ಇಳಿದು ಕೂತಿರುತ್ತವೆ. ಅದೂ ಸಮನಾಗಿ ಇಳಿದಿರುವುದಿಲ್ಲ, ಒಂದೊಂದು ಒಂದೊಂದು ಅಳತೆಗೆ. ಮತ್ತೆ ಏರಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಇಳಿತ. ನಾಲ್ಕು ದಿನ ಹೀಗೇ ನಡೆದರೆ ಅಂಗಡಿಯವನು ಕಳಪೆ ಮಾಲು ದಾಟಿಸಿದನೇ ಎಂಬ ಅನುಮಾನ ಹುಟ್ಟುತ್ತದೆ, ಇಲ್ಲವೇ ತನ್ನ ಕಿವಿಯೇ ಸರಿಯಿಲ್ಲ ಎಂಬ ಕೀಳರಿಮೆ. ಸಾಮಾನ್ಯವಾಗಿ ಎರಡೂ ನಿಜವಲ್ಲ.

ತಪ್ಪು ತಂತಿಯದು, ಅದನ್ನು ತಪ್ಪು ಅನ್ನುವ ಬದಲು ಸ್ವಭಾವ ಅನ್ನುವುದು ವಾಸಿ. ಗಿಟಾರಿಗೆ ಹಾಕುವ ಉಕ್ಕಿನ ತಂತಿಯಲ್ಲ ಇದು. ಹಿಂದೆ ಪ್ರಾಣಿಗಳ ಕರುಳಿನಿಂದ ಹೊಸೆದ ದಾರ ಹಾಕುತ್ತಿದ್ದರು, ಎರಡನೇ ಮಹಾಯುದ್ಧದ ನಂತರ ಆ ಜಾಗಕ್ಕೆ ನೈಲಾನ್ ಬಂತು. ನೈಲಾನ್ ಎಂದರೆ ಉದ್ದುದ್ದನೆಯ ಅಣುಸರಪಳಿಗಳು ಒಂದರೊಳಗೊಂದು ಹೆಣೆದುಕೊಂಡ ರಾಶಿ. ಎಳೆದು ಹಿಡಿದರೆ ಈ ಸರಪಳಿಗಳು ತಟಕ್ಕನೆ ಒಂದಿಷ್ಟು ಹಿಗ್ಗುತ್ತವೆ. ಆಮೇಲೆ ಗಂಟೆಗಟ್ಟಲೆ, ದಿನಗಟ್ಟಲೆ ಒಂದರ ಮೇಲೊಂದು ಮೆಲ್ಲಗೆ ಜಾರುತ್ತ ಎಳೆತದ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ತಂತಿಯ ಎರಡು ತುದಿಗಳು ಕದಲುವಂತಿಲ್ಲ. ಹಾಗಾಗಿ ಒಳಗಿನ ಜಾರಾಟವೆಲ್ಲ ಬಿಗಿತದ ಇಳಿಕೆಯಾಗಿ ಹೊರಬರುತ್ತದೆ, ಬಿಗಿತ ಇಳಿದರೆ ಸ್ವರವೂ ಇಳಿಯುತ್ತದೆ. ಈ ಜಾರಾಟ ಮೊದಲ ಕೆಲವು ಗಂಟೆಗಳಲ್ಲಿ ಜೋರು, ಆಮೇಲೆ ದಿನದಿಂದ ದಿನಕ್ಕೆ ನಿಧಾನ. ಬಿರಡೆಯ ಸುತ್ತುಗಳು ಮತ್ತು ಕುದುರೆಯ ಬಳಿಯ ಗಂಟು ಬಿಗಿಯಾಗುತ್ತ ಹೋಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಹೊಸ ತಂತಿಯನ್ನು ನಡುವಿನಲ್ಲಿ ಬೆರಳಿನಿಂದ ಹಿಡಿದು ಮೆಲ್ಲಗೆ ಮೇಲಕ್ಕೆಳೆದು ಬಿಟ್ಟು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆಯುವ ಪದ್ಧತಿ ವಾದಕರಲ್ಲಿದೆ. ತಾನಾಗಿಯೇ ದಿನಗಟ್ಟಲೆ ನಡೆಯಬೇಕಾದ ಜಾರಾಟವನ್ನು ಅರ್ಧ ಗಂಟೆಯಲ್ಲಿ ಬಹುಪಾಲು ಮುಗಿಸಿಬಿಡುವ ಉಪಾಯ ಅದು.

ನೈಲಾನಿಗೆ ಇನ್ನೊಂದು ಚಟವಿದೆ, ನೀರು ಹೀರುವುದು. ಗಾಳಿಯಲ್ಲಿ ತೇವ ಹೆಚ್ಚಾದರೆ ಅದು ನೀರಿನ ಅಣುಗಳನ್ನು ಒಳಗೆಳೆದುಕೊಂಡು ಮೆತ್ತಗಾಗುತ್ತದೆ. ಬಿಸಿಲಿನ ದಿನ ಕೂಡಿಸಿದ ಶ್ರುತಿ ಮಳೆ ಹಿಡಿದ ದಿನ ನಿಲ್ಲುವುದಿಲ್ಲ. ಇದರಿಂದ ಬೇಸತ್ತವರು ಫ್ಲೂರೋಕಾರ್ಬನ್ ತಂತಿಗೆ ಬದಲಾಯಿಸಿಕೊಳ್ಳುತ್ತಾರೆ. ಮೂಲತಃ ಮೀನಿನ ಗಾಳಕ್ಕೆಂದು ತಯಾರಾದ ದಾರ ಅದು. ನೀರನ್ನು ಬಹುತೇಕ ಹೀರುವುದೇ ಇಲ್ಲ, ನೈಲಾನಿಗಿಂತ ಸಾಂದ್ರತೆ ಹೆಚ್ಚು, ಆದ್ದರಿಂದ ತೆಳುವಾಗಿದ್ದರೂ ಅದೇ ಸ್ವರ ಕೊಡುತ್ತದೆ.

ಬಿಗಿತಕ್ಕೂ ಸ್ವರಕ್ಕೂ ಇರುವ ಲೆಕ್ಕ ಏನೆಂಬುದು ಬಹುಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ತಂತಿಯ ಉದ್ದವನ್ನು ಅರ್ಧಕ್ಕಿಳಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುವುದು ಪುರಾತನ ಗ್ರೀಕರಿಗೆ ಗೊತ್ತಿತ್ತು. ಅದೇ ಜಾಡಿನಲ್ಲಿ, ತಂತಿಗೆ ತೂಗುಹಾಕಿದ ಭಾರವನ್ನು ಎರಡು ಪಟ್ಟು ಮಾಡಿದರೂ ಸ್ಥಾಯಿ ಏರುತ್ತದೆ ಎಂದು ಪೈಥಾಗೊರಸನ ಹೆಸರಿನಲ್ಲಿ ಒಂದು ಕಥೆ ಶತಮಾನಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ತೂಕ ಕಟ್ಟಿ ನೋಡುವ ಗೋಜಿಗೆ ಯಾರೂ ಹೋದಂತೆ ಕಾಣುವುದಿಲ್ಲ. ಹದಿನಾರನೇ ಶತಮಾನದ ಕೊನೆಯಲ್ಲಿ ಇಟಲಿಯ ವಿನ್ಚೆಂಜೊ ಗೆಲಿಲಿ ಕಟ್ಟಿ ನೋಡಿದ. ಲೂಟ್ ಎಂಬ ತಂತಿವಾದ್ಯದ ವಾದಕ ಆತ, ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ. ಸ್ಥಾಯಿ ಏರಲು ಎರಡು ಪಟ್ಟು ಭಾರ ಸಾಲದು, ನಾಲ್ಕು ಪಟ್ಟು ಬೇಕೆಂದು ಅವನಿಗೆ ಕಂಡಿತು. 1636ರಲ್ಲಿ ಫ್ರಾನ್ಸಿನ ಪಾದ್ರಿ ಮಾರಾಂ ಮರ್ಸೆನ್ ತನ್ನ ದೊಡ್ಡ ಸಂಗೀತ ಗ್ರಂಥದಲ್ಲಿ ಇದನ್ನೆಲ್ಲ ನಿಯಮವಾಗಿಯೇ ಬರೆದಿಟ್ಟ. ತಂತಿಯ ಕಂಪನದ ಆವೃತ್ತಿ ಅದರ ಉದ್ದಕ್ಕೆ ವಿಲೋಮ, ಬಿಗಿತದ ವರ್ಗಮೂಲಕ್ಕೆ ನೇರ, ಪ್ರತಿ ಮೀಟರಿನ ತೂಕದ ವರ್ಗಮೂಲಕ್ಕೆ ವಿಲೋಮ. ಬಿರಡೆ ತಿರುಗಿಸುವವರು ಬದಲಾಯಿಸುವುದು ಮುಖ್ಯವಾಗಿ ಆ ನಡುವಿನದನ್ನು ಮಾತ್ರ.

ಅಂಕಿಗಳನ್ನು ಹಾಕಿಯೇ ನೋಡೋಣ. ಸಾಮಾನ್ಯ ಗಾತ್ರಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಸೊಪ್ರಾನೊ ಯುಕುಲೇಲೆಯಲ್ಲಿ, ಬಿರಡೆಗಳ ಕಡೆ ತಂತಿ ಕೂರುವ ನಟ್ ಎಂಬ ಗೀರುಪಟ್ಟಿಯಿಂದ ಕುದುರೆಯವರೆಗೆ ತಂತಿಯ ಉದ್ದ ಸುಮಾರು 34-35 ಸೆಂಟಿಮೀಟರ್. ಸೆಕೆಂಡಿಗೆ 440 ಕಂಪನದ 'ಎ' ಸ್ವರಕ್ಕೆ 0.6 ಮಿಲಿಮೀಟರ್ ದಪ್ಪದ ನೈಲಾನ್ ತಂತಿ ಹಾಕಿದರೆ, ಮರ್ಸೆನ್ನನ ಸೂತ್ರದ ಪ್ರಕಾರ ಬೇಕಾಗುವ ಬಿಗಿತ ಸುಮಾರು 3 ಕಿಲೋ ತೂಕದಷ್ಟು. ನಾಲ್ಕೂ ತಂತಿ ಸೇರಿ ಈ ಪುಟ್ಟ ಮರದ ಡಬ್ಬವನ್ನು ಹನ್ನೆರಡು ಕಿಲೋದ ಆಸುಪಾಸಿನಲ್ಲಿ ಸದಾ ಎಳೆಯುತ್ತಿರುತ್ತವೆ. ಒಂದು ಅರ್ಧಸ್ವರ ಏರಿಸಬೇಕಾದರೆ ಬಿಗಿತ ಶೇಕಡ 12ರಷ್ಟು ಹೆಚ್ಚಬೇಕು, ಒಂದು ಇಡೀ ಸ್ಥಾಯಿ ಏರಿಸಲು ಮೂರರ ಜಾಗದಲ್ಲಿ ಹನ್ನೆರಡು ಕಿಲೋ ಬೇಕು. ಅಷ್ಟು ತಡೆಯುವ ಮೊದಲೇ ತಂತಿ ಗಂಟಿನ ಬಳಿ ಹರಿಯಬಹುದು, ಇಲ್ಲವೇ ಕುದುರೆಯ ಅಂಟು ಬಿಡಬಹುದು. ದಪ್ಪ ತಂತಿ ಹಾಕಿದರೆ ಬಚಾವಾಗಬಹುದು ಅನ್ನಿಸೀತು. ಆಗುವುದಿಲ್ಲ! ದಪ್ಪ ಎರಡು ಪಟ್ಟಾದರೆ ತಂತಿಯ ತಾಳಿಕೆ ನಾಲ್ಕು ಪಟ್ಟಾಗುವುದು ನಿಜ, ಆದರೆ ತೂಕವೂ ನಾಲ್ಕು ಪಟ್ಟಾಗಿ ಬೇಕಾದ ಬಿಗಿತವೂ ನಾಲ್ಕು ಪಟ್ಟಾಗುತ್ತದೆ. ಒಂದು ಉದ್ದದ ತಂತಿ ಹರಿಯದೆ ಎಷ್ಟು ಮೇಲೇರಬಲ್ಲದು ಎಂಬುದನ್ನು ನಿರ್ಧರಿಸುವುದು ಅದು ಯಾವ ವಸ್ತುವಿನದು ಎಂಬುದಷ್ಟೇ.

ಸ್ಥಾಯಿಯ ವಿಷಯ ಸುಮ್ಮನೆ ಎತ್ತಿದ್ದಲ್ಲ. ಕಲಿಯುವವರು ತಂತಿ ಹರಿದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಕ್ಲಿಪ್ ಟ್ಯೂನರ್ ವಾದ್ಯದ ತಲೆಯ ಮರದಲ್ಲಿ ಹರಿಯುವ ಕಂಪನವನ್ನು ನೇರವಾಗಿ ಹಿಡಿಯುವ ಯಂತ್ರ. ಮರಕ್ಕೇ ಕಚ್ಚಿಕೊಂಡಿರುವುದರಿಂದ ಪಕ್ಕದ ಕೋಣೆಯ ಟಿವಿ ಅದಕ್ಕೆ ಕೇಳಿಸುವುದಿಲ್ಲ, ಅಷ್ಟರಮಟ್ಟಿಗೆ ಅನುಕೂಲ. ಆದರೆ ಬಹಳಷ್ಟು ಟ್ಯೂನರುಗಳು ಸ್ವರದ ಅಕ್ಷರ ತೋರಿಸುತ್ತವೆಯೇ ಹೊರತು ಯಾವ ಸ್ಥಾಯಿಯದೆಂದು ಹೇಳುವುದಿಲ್ಲ. ಗಿಟಾರ್ ಕಂಡು ಬಂದವರು ಮುಖದ ಹತ್ತಿರದ ತಂತಿ ಎಲ್ಲಕ್ಕಿಂತ ಮಂದ್ರವಾಗಿರಬೇಕು ಎಂದುಕೊಳ್ಳುತ್ತಾರೆ. ಆ 'ಜಿ' ತಂತಿಯನ್ನು ಒಂದು ಸ್ಥಾಯಿ ಕೆಳಗಿಳಿಸುತ್ತಾರೆ. ಟ್ಯೂನರ್ ಹಸಿರು ತೋರಿಸುತ್ತದೆ, ತಂತಿ ಮಾತ್ರ ಜೋತು ಬಿದ್ದು ಫ್ರೆಟ್ಟಿಗೆ ಬಡಿಯುತ್ತಿರುತ್ತದೆ. ಉಲ್ಟಾ ಕೇಸೂ ಉಂಟು. ಸಡಿಲವಾಗಿರುವ ತಂತಿಗೆ ಯಂತ್ರ ಬೇರೆ ಯಾವುದೋ ಅಕ್ಷರ ತೋರಿಸಿತೆಂದು, ಬೇಕಾದ ಅಕ್ಷರ ಬರುವತನಕ ಬಿಗಿಯುತ್ತಲೇ ಹೋಗುವುದು, ಸರಿಯಾದ ಜಾಗ ಯಾವಾಗಲೋ ದಾಟಿಹೋಗಿರುವುದು.

ಯುಕುಲೇಲೆಯ ತಂತಿಗಳು ಮೇಲಿನಿಂದ ಕೆಳಕ್ಕೆ ಜಿ, ಸಿ, ಇ, ಎ. ಸೆಕೆಂಡಿಗೆ 392, 261.6, 329.6, 440 ಕಂಪನ. ಮೊದಲನೆಯದು ಎರಡನೆಯದಕ್ಕಿಂತ ಮೇಲಿನ ಸ್ವರ, ಅಂದರೆ ಸಾಲು ಒಮ್ಮೆ ಕೆಳಗೆ ಧುಮುಕಿ ಮತ್ತೆ ಹತ್ತುತ್ತದೆ. ಈ ವಿಚಿತ್ರ ಏರ್ಪಾಟು ಹವಾಯಿಯಲ್ಲಿ ಹುಟ್ಟಿದ್ದಲ್ಲ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಅಟ್ಲಾಂಟಿಕ್ಕಿನ ಮಡೈರಾ ದ್ವೀಪದಿಂದ ಪೋರ್ಚುಗೀಸ್ ಕೂಲಿಕಾರರನ್ನು ತುಂಬಿಕೊಂಡು ಹೊನೊಲುಲು ತಲುಪಿತು. ಕಬ್ಬಿನ ತೋಟಕ್ಕೆ ಬಂದ ಆ ಗುಂಪಿನಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯೆಲ್ ನ್ಯೂನಿಸ್, ಅಗಸ್ಟೊ ಡಿಯಾಸ್, ಜೋಸೆ ಡೊ ಎಸ್ಪಿರಿಟೊ ಸ್ಯಾಂಟೊ. ತೋಟದ ಕೆಲಸದ ಕರಾರು ಮುಗಿಸಿ ಅವರು ಊರಲ್ಲಿ ಅಂಗಡಿ ತೆರೆದು, ಅಲ್ಲಿನ ಕೋವಾ ಮರದಲ್ಲಿ ತಮ್ಮ ನಾಡಿನ ವಾದ್ಯಗಳನ್ನು ಮಾಡಲು ಶುರುಮಾಡಿದರು. ಒಡಲು ಮಶೇಟೆ ಎಂಬ ಚಿಕ್ಕ ನಾಲ್ಕು ತಂತಿಯ ವಾದ್ಯದ್ದು, ಶ್ರುತಿಯ ಕ್ರಮ ರಜಾಂವ್ ಎಂಬ ಐದು ತಂತಿಯದರದ್ದು. ಐದರಲ್ಲಿ ಒಂದನ್ನು ಕೈಬಿಟ್ಟರೆ ಉಳಿಯುವುದೇ ಜಿ-ಸಿ-ಇ-ಎ. ಹವಾಯಿಯ ದೊರೆ ಕಲಾಕಾವಾ ಇದನ್ನು ಮೆಚ್ಚಿ ಅರಮನೆಯ ಹಾಡು-ಕುಣಿತಕ್ಕೆ ಸೇರಿಸಿಕೊಂಡ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ-ಪೆಸಿಫಿಕ್ ಪ್ರದರ್ಶನದ ನಂತರ ಅಮೆರಿಕದ ತುಂಬ ಇದರ ಹುಚ್ಚು ಹಬ್ಬಿತು.

ಸರಳೆ ವರಸೆ ಹಾಡಿದ ಕಿವಿಗೆ ಈ ಶ್ರುತಿ ಅಪರಿಚಿತವಲ್ಲ. 'ಸಿ' ಅಂದರೆ ಹಾರ್ಮೋನಿಯಮ್ಮಿನ ಬಿಳಿ ಒಂದು. ಅದನ್ನು ಷಡ್ಜವೆಂದುಕೊಂಡರೆ ನಾಲ್ಕು ತಂತಿಗಳು ಕ್ರಮವಾಗಿ ಪ, ಸ, ಗ, ದ. ಗಾಂಧಾರ ಅಂತರ, ಧೈವತ ಚತುಶ್ರುತಿ. ಬೆರಳೇ ಇಡದೆ ನಾಲ್ಕನ್ನೂ ಮೀಟಿದರೆ ರಿಷಭವೊಂದು ಬಿಟ್ಟುಹೋದ ಮೋಹನ ಎದುರಿಗೆ ನಿಂತಿರುತ್ತದೆ. ಶ್ರುತಿಪೆಟ್ಟಿಗೆಯಲ್ಲಿ ಬಿಳಿ ಒಂದು ಹಾಕಿಕೊಂಡು, ಟ್ಯೂನರಿನ ಕಡೆ ನೋಡದೆ, ಬಾಯಲ್ಲಿ ಪ-ಸ-ಗ-ದ ಹಾಡುತ್ತ ತಂತಿ ಕೂಡಿಸುವುದು ಇಂಥವರಿಗೆ ಕಷ್ಟವೇ ಆಗಬಾರದು. ಬಹುಮಟ್ಟಿಗೆ ಆಗುವುದೂ ಇಲ್ಲ. ಆದರೆ ಗಾಂಧಾರದ ಬಳಿ ಒಂದು ಜಗಳ ಶುರುವಾಗುತ್ತದೆ. ಕಿವಿ ಒಪ್ಪಿದ ಜಾಗವನ್ನು ಯಂತ್ರ ಒಪ್ಪುವುದಿಲ್ಲ, ಯಂತ್ರ ಹಸಿರಾದ ಜಾಗ ಕಿವಿಗೆ ತುಸು ಏರಿದಂತೆ ಕೇಳುತ್ತದೆ. ಈ ಜಗಳವೇ ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು.

ಅಲ್ಲಿಗೆ ಹೋಗುವ ಮುನ್ನ ಕಿವಿಯ ಸಾಧನ ಯಾವುದೆಂದು ನೋಡಬೇಕು. ಒಂದರ ನಂತರ ಒಂದರಂತೆ ಎರಡು ಸ್ವರ ಕೇಳಿಸಿದಾಗ ಸಣ್ಣ ವ್ಯತ್ಯಾಸ ಗುರುತಿಸುವುದು ಪಳಗಿದವರಿಗೂ ಕಷ್ಟ. ಎರಡನ್ನೂ ಒಟ್ಟಿಗೆ ನುಡಿಸಿದರೆ ಕೆಲಸ ಹಗುರವಾಗುತ್ತದೆ. ಸೆಕೆಂಡಿಗೆ 440 ಸಲ ಕಂಪಿಸುವ ತಂತಿಯೂ 442 ಸಲ ಕಂಪಿಸುವ ತಂತಿಯೂ ಕೂಡಿದಾಗ, ಅವುಗಳ ಅಲೆಗಳು ಒಮ್ಮೆ ಜೊತೆಯಾಗಿ ಒಮ್ಮೆ ಎದುರುಬದುರಾಗಿ, ಸದ್ದು ಸೆಕೆಂಡಿಗೆ ಎರಡು ಬಾರಿ ಉಬ್ಬಿ ತಗ್ಗುತ್ತದೆ. ಪಿಯುಸಿ ಭೌತವಿಜ್ಞಾನದಲ್ಲಿ ಬೀಟ್ಸ್ ಎಂದು ಓದಿ ಅಂಕ ತೆಗೆದುಕೊಂಡು ಮರೆತದ್ದು ಇದೇ. ಉಬ್ಬುತಗ್ಗುಗಳ ಸಂಖ್ಯೆ ಎರಡು ಆವೃತ್ತಿಗಳ ವ್ಯತ್ಯಾಸಕ್ಕೆ ಸರಿಸಮ. ಹತ್ತಿರವಾದಂತೆ ನಿಧಾನವಾಗಿ, ಒಂದಾದಾಗ ನಿಂತೇ ಹೋಗುತ್ತದೆ. 1700ರ ಸುಮಾರಿಗೆ ಫ್ರಾನ್ಸಿನ ಜೋಸೆಫ್ ಸೊವೂರ್ ಆರ್ಗನ್ನಿನ ಕೊಳವೆಗಳ ಬೀಟ್ಸ್ ಎಣಿಸಿಯೇ ಸ್ವರಗಳ ನಿಜವಾದ ಆವೃತ್ತಿಯನ್ನು ಲೆಕ್ಕಹಾಕಿದ್ದ, ಕೈಯಲ್ಲಿ ಬೇರೆ ಉಪಕರಣವೇ ಇಲ್ಲದ ಕಾಲದಲ್ಲಿ.

ಯುಕುಲೇಲೆಯಲ್ಲಿ ಇದನ್ನು ಮಾಡುವ ಬಗೆ ಹೀಗೆ. 'ಸಿ' ತಂತಿಯ ನಾಲ್ಕನೇ ಫ್ರೆಟ್ ಒತ್ತಿದರೆ 'ಇ' ಸಿಗುತ್ತದೆ. ಅದಕ್ಕೆ ಪಕ್ಕದ ಬಿಡಿ ತಂತಿಯನ್ನು ಕೂಡಿಸಬೇಕು. 'ಇ'ಯ ಐದನೇ ಫ್ರೆಟ್ಟಿಗೆ 'ಎ', ಮೂರನೇ ಫ್ರೆಟ್ಟಿಗೆ 'ಜಿ'. ಕೊನೆಗೆ 'ಜಿ'ಯ ಎರಡನೇ ಫ್ರೆಟ್ ಒತ್ತಿ 'ಎ'ಯೊಂದಿಗೆ ತಾಳೆ ನೋಡಿದರೆ ಲೆಕ್ಕ ಸುತ್ತು ಬಂದು ಸೇರಿತೋ ಇಲ್ಲವೋ ತಿಳಿಯುತ್ತದೆ. ಬರೆದಷ್ಟು ಸುಲಭವಲ್ಲ. ಎಡಗೈ ಫ್ರೆಟ್ಟಿನ ಮೇಲೆ ಸಿಕ್ಕಿಕೊಂಡಿರುತ್ತದೆ, ಬಲಗೈ ಎರಡೂ ತಂತಿ ಮೀಟಿ ತಕ್ಷಣ ಬಿರಡೆಗೆ ಓಡಬೇಕು, ಅಷ್ಟರಲ್ಲಿ ಸದ್ದು ಆರುತ್ತ ಬಂದಿರುತ್ತದೆ. ತಂಬೂರಿಯ ನಾದ ನಿಂತು ಮಾತಾಡಿಸುತ್ತದೆ, ಸೊಪ್ರಾನೊ ಯುಕುಲೇಲೆಯದು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಸೆಕೆಂಡಿಗೆ ಒಂದಕ್ಕಿಂತ ನಿಧಾನವಾದ ಬೀಟ್ಸ್ ಅಲ್ಲಿ ಕೇಳಿಸಲು ಸಮಯವೇ ಇಲ್ಲ. ಈ ಕೊರತೆ ಮುಂದೆ ಉಪಕಾರಕ್ಕೆ ಬರುತ್ತದೆ.

ಈಗ ಗಾಂಧಾರ. ಯಾವುದೇ ತಂತಿ ತನ್ನ ಮೂಲಸ್ವರವನ್ನಷ್ಟೇ ನುಡಿಯುವುದಿಲ್ಲ; ಅದರ ಎರಡು, ಮೂರು, ನಾಲ್ಕು, ಐದು ಪಟ್ಟು ಆವೃತ್ತಿಯ ಉಪಸ್ವರಗಳೂ ಸಣ್ಣದಾಗಿ ಕೂಡಿರುತ್ತವೆ. ಷಡ್ಜದ ಐದನೇ ಉಪಸ್ವರವೂ ಗಾಂಧಾರದ ನಾಲ್ಕನೆಯದೂ ಸರಿಯಾಗಿ ಒಂದೇ ಆದಾಗ ಕಿವಿ ಅದನ್ನು ಶುದ್ಧವೆಂದು ಒಪ್ಪುತ್ತದೆ. ಅಂದರೆ ಎರಡರ ಪ್ರಮಾಣ 5:4. ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ತಾನೇ ತಾನಾಗಿ ಎದ್ದು ಕೇಳುವ ಗಾಂಧಾರ ಇದೇ. ಸಿ 261.6 ಆದರೆ ಈ ಗಾಂಧಾರ 327.0ಕ್ಕೆ ಬರಬೇಕು. ಟ್ಯೂನರ್ ಕೇಳುವುದು 329.6. ಅರ್ಧಸ್ವರವನ್ನು ನೂರು ಸೆಂಟ್ ಎಂದು ಭಾಗ ಮಾಡಿದರೆ ವ್ಯತ್ಯಾಸ ಸುಮಾರು 14 ಸೆಂಟ್. ಸಂಗೀತ ಕಲಿತ ಕಿವಿಗೆ ತಪ್ಪಿಸಿಕೊಳ್ಳಲಾರದಷ್ಟು ದೊಡ್ಡದು. ಯಂತ್ರ ಹೇಳಿದಂತೆ ಇಟ್ಟರೆ ಆ ಎರಡು ಉಪಸ್ವರಗಳ ನಡುವೆ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬೀಟ್ಸ್ ಎದ್ದು ಸದ್ದು ಒರಟಾಗುತ್ತದೆ.

ಹಾಗಾದರೆ ಕಿವಿಯ ಮಾತೇ ಕೇಳಿ 327ಕ್ಕೆ ಇಳಿಸಿಬಿಟ್ಟರೆ? 'ಸಿ' ಮೇಜರ್ ಕಾರ್ಡ್ ಸಕ್ಕರೆಯಾಗುತ್ತದೆ. ಆದರೆ ಅದೇ ಬಿಡಿ ತಂತಿ 'ಎ' ಕಾರ್ಡಿನಲ್ಲೂ ಇದೆ, ಅಲ್ಲಿ ಅದು ಪಂಚಮ. 'ಎ'ಯನ್ನು 440ರಲ್ಲೇ ಬಿಟ್ಟಿದ್ದರೆ ಇವೆರಡರ ಉಪಸ್ವರಗಳು 1308ಕ್ಕೆ ಒಂದು, 1320ಕ್ಕೆ ಇನ್ನೊಂದು ಬಂದು ಸೆಕೆಂಡಿಗೆ ಹನ್ನೆರಡು ಬೀಟ್ಸ್ ಏಳುತ್ತವೆ. 'ಎ'ಯನ್ನೂ ಇಳಿಸಿದರೆ ಅದು 'ಜಿ'ಯೊಂದಿಗೆ, 'ಎಫ್' ಕಾರ್ಡಿನೊಂದಿಗೆ ತಗಾದೆ ತೆಗೆಯುತ್ತದೆ. ತಾಪತ್ರಯ ಯುಕುಲೇಲೆಯದಲ್ಲ, ಅಂಕಗಣಿತದ್ದು. ಶುದ್ಧ ಗಾಂಧಾರದ ಮೇಲೆ ಶುದ್ಧ ಗಾಂಧಾರ, ಅದರ ಮೇಲೆ ಇನ್ನೊಂದು ಎಂದು ಮೂರು ಹೆಜ್ಜೆ ಹಾಕಿದರೆ ಮೇಲಿನ ಷಡ್ಜ ಸಿಗಬೇಕಿತ್ತು. ನಾಲ್ಕನೇ ಐದನ್ನು ಮೂರು ಸಲ ಗುಣಿಸಿ ನೋಡಿ: 125ನ್ನು 64ರಿಂದ ಭಾಗಿಸಿದಷ್ಟು, ಅಂದರೆ 1.953. ಎರಡಕ್ಕೆ ಮುಟ್ಟಲೇ ಇಲ್ಲ. ಐದರ ಯಾವ ಘಾತವೂ ಎರಡರ ಘಾತಕ್ಕೆ ಸಮನಾಗದು, ಎಷ್ಟು ಜಾಣ ಬಿರಡೆ ಹಾಕಿದರೂ.

ಒಂದೇ ಷಡ್ಜಕ್ಕೆ ಕಟ್ಟಿಕೊಂಡು ಕೂರುವ ಸಂಗೀತಕ್ಕೆ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ. ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುತ್ತಾರೆ. ಕಿವಿಗೊಪ್ಪುವಂತೆ ಕೂಡಿಸಿ, ಮೇಣ ಹಳೆಯದಾದಾಗ ಕಿತ್ತು ಮತ್ತೆ ಕೂಡಿಸಬಹುದು. ಉಳಿದ ಕೊರತೆಯನ್ನು ವೈಣಿಕನ ಬೆರಳು ತಂತಿ ಎಳೆದು ತುಂಬುತ್ತದೆ. ಯುಕುಲೇಲೆ ಹಾಡಿನಲ್ಲಿ ಕಾರ್ಡು ಬದಲಾದಾಗಲೆಲ್ಲ ಆಧಾರಸ್ವರವೂ ಬದಲಾಗುತ್ತದೆ, ಮರಕ್ಕೆ ಬಡಿದ ಲೋಹದ ಫ್ರೆಟ್ ಮಾತ್ರ ಕದಲುವುದಿಲ್ಲ. ಒಂದೇ ನೇರ ಪಟ್ಟಿ ನಾಲ್ಕೂ ತಂತಿಗೆ ಅಡ್ಡ ಬಿದ್ದಿರುವುದರಿಂದ, ಒಂದಕ್ಕೆ ಶುದ್ಧವಾದ ಜಾಗ ಇನ್ನೊಂದಕ್ಕೆ ಅಶುದ್ಧ. ಹಾಗಾಗಿ ಸ್ಥಾಯಿಯೊಂದನ್ನು ಬಿಟ್ಟು ಉಳಿದೆಲ್ಲ ಸ್ವರಗಳೂ ತಪ್ಪನ್ನು ತಲೆಗಿಷ್ಟರಂತೆ ಹಂಚಿಕೊಂಡಿವೆ, ಅಪ್ಪನ ಸಾಲವನ್ನು ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ. ಪಂಚಮದ ಪಾಲಿಗೆ ಎರಡು ಸೆಂಟ್ ಮಾತ್ರ ಬಂತು, ಗಾಂಧಾರದ ತಲೆಗೆ ಹದಿನಾಲ್ಕು.

ಈ ಹಂಚಿಕೆಯ ಸೂತ್ರ ಎರಡರ ಹನ್ನೆರಡನೇ ಮೂಲ, 1.0595. ಪ್ರತಿ ಅರ್ಧಸ್ವರವೂ ಹಿಂದಿನದರ ಅಷ್ಟು ಪಟ್ಟು. 1584ರ ಹೊತ್ತಿಗೇ ಚೀನಾದ ಮಿಂಗ್ ರಾಜಕುಮಾರ ಚು ಝೈಯು ಇದನ್ನು ಲೆಕ್ಕಹಾಕಿದ್ದ. ಯುರೋಪಿನ ವಾದ್ಯ ತಯಾರಕರಿಗೆ ಇಂಥ ಮೂಲ ತೆಗೆಯುತ್ತ ಕೂರುವ ವ್ಯವಧಾನವಿರಲಿಲ್ಲ. ಅವರ ನೆರವಿಗೆ ಬಂದದ್ದು ಅದೇ ವಿನ್ಚೆಂಜೊ ಗೆಲಿಲಿ. ನಟ್‌ನಿಂದ ಕುದುರೆಯವರೆಗಿನ ಉದ್ದದ ಹದಿನೆಂಟನೇ ಒಂದು ಭಾಗಕ್ಕೆ ಮೊದಲ ಫ್ರೆಟ್, ಉಳಿದದ್ದರ ಹದಿನೆಂಟನೇ ಒಂದು ಭಾಗಕ್ಕೆ ಎರಡನೆಯದು, ಹೀಗೇ ಮುಂದೆ ಎಂದು 1581ರಲ್ಲಿ ಬರೆದ. ಹನ್ನೆರಡನೆಯದು ನಿಜವಾದ ಅರ್ಧಕ್ಕೆ ಒಂದಿಷ್ಟು ಮೊದಲೇ ನಿಲ್ಲುತ್ತದೆ, ಸ್ವರ ತುಸು ತಗ್ಗು. ಆದರೆ ತಂತಿಯನ್ನು ಫ್ರೆಟ್ಟಿಗೆ ಒತ್ತಿದಾಗ ಅದು ಹಿಗ್ಗಿ ಸ್ವರ ತುಸು ಏರುತ್ತದಲ್ಲ, ಎರಡು ತಪ್ಪುಗಳು ಒಂದನ್ನೊಂದು ಬಹುಪಾಲು ತಿಂದುಹಾಕುತ್ತವೆ. ಹಳೆಯ ಬಡಗಿಗಳು ಈ ನಿಯಮವನ್ನು ಬಹುಕಾಲ ಬಿಡದೆ ಹಿಡಿದುಕೊಂಡದ್ದು ಬರೀ ಮೊಂಡುತನವಲ್ಲ.

ಟ್ಯೂನರ್ ಮಾತು ಕೇಳಬೇಕೋ ಕಿವಿಯ ಮಾತೋ ಎಂದರೆ, ಕಲಿಯುವಾಗ ಟ್ಯೂನರ್ ಎನ್ನುತ್ತೇನೆ. ಟ್ಯೂನರ್ ಹೆಚ್ಚು ಸರಿ ಎಂದಲ್ಲ. ಫ್ರೆಟ್ಟುಗಳು ಆಗಲೇ ಟ್ಯೂನರಿನ ಪಕ್ಷ ಸೇರಿಬಿಟ್ಟಿವೆ ಎಂದು. ನಾಲ್ಕು ಬಿಡಿ ತಂತಿಯನ್ನು ಶುದ್ಧ ಮಾಡಿದರೂ ಬೆರಳು ಇಟ್ಟ ಮರುಕ್ಷಣ ಫ್ರೆಟ್ಟಿನ ಆಳ್ವಿಕೆ. ಮೇಲೆ ಹೇಳಿದ ಕೊರತೆ ಉಪಕಾರಕ್ಕೆ ಬರುವುದು ಇಲ್ಲೇ. 'ಇ' ಮತ್ತು 'ಎ' ತಂತಿಗಳ ನಡುವೆ ಟ್ಯೂನರ್ ಉಳಿಸುವ ತಪ್ಪು ಸೆಕೆಂಡಿಗೆ ಒಂದೂವರೆ ಬೀಟ್ಸ್. ಪಿಯಾನೊದಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ, ಯುಕುಲೇಲೆಯ ಸದ್ದು ಆ ಅಲೆ ಒಂದೆರಡು ಬಾರಿ ಉಬ್ಬುವಷ್ಟರಲ್ಲಿ ಆರಿಹೋಗುತ್ತದೆ. ಒಂದು ಹಾಡು ಪೂರ್ತಿ 'ಸಿ' ಕಾರ್ಡಿನ ಸುತ್ತಲೇ ಸುಳಿಯುವಂಥದ್ದಾದರೆ, ನುರಿತವರು 'ಇ' ತಂತಿಯನ್ನು ನಾಲ್ಕೈದು ಸೆಂಟ್ ತಗ್ಗಿಸಿಕೊಳ್ಳುವುದುಂಟು. ಯಂತ್ರಕ್ಕೂ ಕಿವಿಗೂ ನಡುವೆ ಮಾಡಿಕೊಂಡ ರಾಜಿ ಅದು, ನಿಯಮವೇನಲ್ಲ.

440 ಎಂಬ ಸಂಖ್ಯೆಯನ್ನೂ ದೇವರು ಕೊಟ್ಟಿದ್ದಲ್ಲ. ಫ್ರಾನ್ಸ್ 1859ರಲ್ಲಿ 'ಎ' ಸ್ವರ 435 ಇರಲಿ ಎಂದು ಕಾನೂನು ಮಾಡಿತ್ತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆ 440ಕ್ಕೆ ಒಪ್ಪಿತು. ಟ್ಯೂನರಿನಲ್ಲಿ ಇದನ್ನು ಬದಲಾಯಿಸುವ ಗುಂಡಿಯೊಂದಿರುತ್ತದೆ. ಜೇಬಿನಲ್ಲಿ ಅದು ಒತ್ತಿಹೋಗಿ 436ಕ್ಕೋ 444ಕ್ಕೋ ಸರಿದಿದ್ದರೆ, ಒಬ್ಬರೇ ನುಡಿಸುವಾಗ ಏನೂ ಗೊತ್ತಾಗುವುದಿಲ್ಲ. ಗೆಳೆಯರ ಗಿಟಾರಿನ ಜೊತೆ ಕೂತಾಗ ಮುಖಭಂಗ. ಇಡೀ ಪ-ಸ-ಗ-ದವನ್ನೇ ಮೇಲಕ್ಕೆ ಎತ್ತಿಡುವ ಸಂಪ್ರದಾಯವೂ ಇದೆ. 1910-20ರ ದಶಕಗಳ ಅಮೆರಿಕದಲ್ಲಿ ಎ, ಡಿ, ಎಫ್ ಶಾರ್ಪ್, ಬಿ ಎಂಬ ಶ್ರುತಿ ಬಹಳ ಚಾಲ್ತಿಯಲ್ಲಿತ್ತು. ಕೆನಡಾದ ಹ್ಯಾಲಿಫ್ಯಾಕ್ಸ್ ಶಾಲೆಗಳಲ್ಲಿ ಚಾಮರ್ಸ್ ಡೋನ್ ಯುಕುಲೇಲೆಯ ಮೂಲಕ ಮಕ್ಕಳಿಗೆ ಸಂಗೀತ ಕಲಿಸಲು ಹೊರಟಾಗ ಹಿಡಿದದ್ದೂ ಅದನ್ನೇ. ನಮ್ಮ ಲೆಕ್ಕದಲ್ಲಿ ಶ್ರುತಿ ಬಿಳಿ ಒಂದರಿಂದ ಬಿಳಿ ಎರಡಕ್ಕೆ ಏರಿತು ಅಷ್ಟೆ. ಬೆರಳಿನ ವಿನ್ಯಾಸ ಒಂದೂ ಬದಲಾಗುವುದಿಲ್ಲ. ಬಿಗಿತ ಮಾತ್ರ ಶೇಕಡ 26ರಷ್ಟು ಹೆಚ್ಚುತ್ತದೆ. ಸೊಪ್ರಾನೊದ ಗಿಡ್ಡ ತಂತಿ ಬಿಳಿ ಒಂದಕ್ಕೆ ಸ್ವಲ್ಪ ಜಾಳಾಗಿಯೇ ಇರುವುದರಿಂದ, ಈ ಬಿಗಿತ ಅದಕ್ಕೆ ಒಳ್ಳೆಯ ಕಳೆ ಕೊಡುತ್ತದೆ.

ಇನ್ನು ಕೈಗೆ ಸಂಬಂಧಿಸಿದ ಕೆಲವು ಮಾತು. ತಂತಿಯನ್ನು ಜೋರಾಗಿ ಮೀಟಿದರೆ ಅದು ಅಗಲವಾಗಿ ಹೊಯ್ದಾಡಿ, ಆ ಹೊಯ್ದಾಟವೇ ತಂತಿಯನ್ನು ಕ್ಷಣಕಾಲ ಹೆಚ್ಚು ಬಿಗಿಯುತ್ತದೆ. ಟ್ಯೂನರಿನ ಮುಳ್ಳು ಮೊದಲು ಮೇಲೆ ಹಾರಿ ಆಮೇಲೆ ಇಳಿದು ನಿಲ್ಲುವುದು ಇದರಿಂದ. ನಂಬಬೇಕಾದದ್ದು ನಿಂತ ಮೇಲಿನ ಅಂಕಿಯನ್ನು. ಹೆಬ್ಬೆರಳಿನ ಮೃದುಭಾಗದಿಂದ ಹನ್ನೆರಡನೇ ಫ್ರೆಟ್ಟಿನ ಬಳಿ ಮೆಲ್ಲಗೆ ಮೀಟುವುದು ಒಳ್ಳೆಯದು. ತಂತಿಯ ನಟ್ಟನಡುವೆ ಅದು; ಅಲ್ಲಿ ಮೀಟಿದರೆ ಎರಡನೇ, ನಾಲ್ಕನೇ ಉಪಸ್ವರಗಳು ಏಳುವುದೇ ಇಲ್ಲ, ಮೂಲಸ್ವರ ಸ್ಪಷ್ಟವಾಗುತ್ತದೆ. ಯಾವ ಬಿಂದುವಿನಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರ ಹುಟ್ಟದು ಎಂದು ಥಾಮಸ್ ಯಂಗ್ 1800ರಲ್ಲಿ ತೋರಿಸಿದ ನಿಯಮ. ಅದಕ್ಕೆ ಅಪವಾದವನ್ನು ಸಿ.ವಿ. ರಾಮನ್ 1921ರಲ್ಲಿ ಕಲ್ಕತ್ತೆಯಲ್ಲಿ ತಂಬೂರಿ ಮತ್ತು ವೀಣೆಗಳ ಮೇಲೆ ಬರೆದ ಪ್ರಬಂಧದಲ್ಲಿ ತೋರಿಸಿದರು. ಜೀವಾಳಿಯ ಎಳೆ ಸೇರಿಸಿದ ಅಗಲ ಕುದುರೆಯ ಮೇಲೆ ಆ 'ಇಲ್ಲದ' ಉಪಸ್ವರಗಳೂ ಗಟ್ಟಿಯಾಗಿ ನುಡಿಯುತ್ತವೆ. ಯುಕುಲೇಲೆಯ ತೆಳ್ಳನೆಯ ಕುದುರೆಗೆ ಆ ಭಾಗ್ಯವಿಲ್ಲ, ಯಂಗ್‌ನ ನಿಯಮ ಪಾಲಿಸಿಕೊಂಡಿರುತ್ತದೆ.

ಒಂದು ತಂತಿ ಕೂಡಿಸುವಾಗ ಉಳಿದವನ್ನು ಅಂಗೈಯಿಂದ ಮುಚ್ಚಿರಬೇಕು. 'ಜಿ' ಮೀಟಿದರೆ 'ಸಿ' ತಂತಿ ತಾನಾಗಿ ಮಿಡಿಯುತ್ತದೆ, ಏಕೆಂದರೆ ಮೊದಲನೆಯದರ ಎರಡನೇ ಉಪಸ್ವರ 784, ಎರಡನೆಯದರ ಮೂರನೆಯದು 785. ಯಂತ್ರ ಎರಡರ ನಡುವೆ ತಬ್ಬಿಬ್ಬಾಗುತ್ತದೆ. ಸ್ವರ ಏರಿಹೋದರೆ ನೇರವಾಗಿ ಇಳಿಸಿ ನಿಲ್ಲಿಸದೆ, ಬೇಕಾದ್ದಕ್ಕಿಂತ ಕೆಳಗಿಳಿಸಿ ಮತ್ತೆ ಏರಿಸಿ ತರಬೇಕು. ಬಿರಡೆಯ ಹಲ್ಲುಚಕ್ರಗಳಲ್ಲಿ ಚೂರು ಸಡಿಲವಿರುತ್ತದೆ, ನಟ್‌ನ ಗೀರಿನಲ್ಲಿ ತಂತಿ ಅಂಟಿಕೊಂಡಿರುತ್ತದೆ. ಇಳಿಸಿ ಬಿಟ್ಟರೆ ಆ ಸಡಿಲ ಒಳಗೇ ಉಳಿದು, ಎರಡು ಸಲ ಮೀಟುವಷ್ಟರಲ್ಲಿ ಸ್ವರ ಜಾರುತ್ತದೆ. ಹಲ್ಲುಚಕ್ರವಿಲ್ಲದ ಹಳೆಯ ಮಾದರಿಯ ಬಿರಡೆಗಳಲ್ಲಂತೂ ಕೂದಲೆಳೆಯಷ್ಟು ತಿರುವಿದರೂ ಸ್ವರ ಎಲ್ಲಿಗೋ ಹೋಗಿರುತ್ತದೆ. ಹೊಸಬರು ಅವನ್ನು ಕೊಳ್ಳದಿರುವುದೇ ಮೇಲು.

ಇಷ್ಟೆಲ್ಲ ಮಾಡಿಯೂ ಬಿಡಿ ತಂತಿ ಸರಿಯಾಗಿದ್ದು, ಮೊದಲ ಫ್ರೆಟ್ಟುಗಳಲ್ಲಿ ಕಾರ್ಡ್ ಹಿಡಿದರೆ ಮಾತ್ರ ಅಪಸ್ವರವೇ? ಮೊದಲು ಬೆರಳನ್ನು ಶಂಕಿಸಬೇಕು. ಮೆತ್ತನೆಯ ತಂತಿಯನ್ನು ಹೊಸಬರು ಜೀವ ಹಿಂಡುವಂತೆ ಒತ್ತುತ್ತಾರೆ, ಇಲ್ಲವೇ ಗೊತ್ತಿಲ್ಲದೆ ಪಕ್ಕಕ್ಕೆಳೆದಿರುತ್ತಾರೆ, ಸ್ವರ ಹತ್ತಿಪ್ಪತ್ತು ಸೆಂಟ್ ಏರುತ್ತದೆ. ಹಗುರವಾಗಿ, ಫ್ರೆಟ್ಟಿನ ಬೆನ್ನಿಗೇ ಒತ್ತಿ ನೋಡಬೇಕು. ಆಗಲೂ ಏರಿದ್ದರೆ ನಟ್‌ನ ಗೀರುಗಳು ಆಳ ಸಾಲದು. ತಂತಿ ಬಹಳ ಎತ್ತರದಲ್ಲಿದ್ದು, ಒತ್ತುವಾಗ ಹೆಚ್ಚು ಹಿಗ್ಗುತ್ತಿದೆ. ಅಗ್ಗದ ವಾದ್ಯಗಳಲ್ಲಿ ಇದು ಮಾಮೂಲು. ವಾದ್ಯ ರಿಪೇರಿಯವರು ಸಣ್ಣ ಅರದಿಂದ ಕೆಲವೇ ನಿಮಿಷದಲ್ಲಿ ಸರಿಮಾಡಿ ಕೊಡುತ್ತಾರೆ.

ಮೊದಲ ಫ್ರೆಟ್ಟುಗಳು ಸರಿಯಿದ್ದು ಮೇಲಕ್ಕೆ ಹೋದಂತೆ ಕೆಡುತ್ತಿದ್ದರೆ ಹನ್ನೆರಡನೇ ಫ್ರೆಟ್ ಒತ್ತಿ ಟ್ಯೂನರ್ ನೋಡಬೇಕು. ಬಿಡಿ ತಂತಿಯ ಅಕ್ಷರವೇ, ಅಲ್ಲಿಯೇ ಹಸಿರಾಗಿ, ಕಾಣಿಸಬೇಕು. ನಾಲ್ಕೂ ತಂತಿ ಒಂದೇ ಕಡೆಗೆ ತಪ್ಪಿದ್ದರೆ ಕುದುರೆಯ ಜಾಗವೇ ತಪ್ಪಿದೆ, ಅದಕ್ಕೆ ಅಂಗಡಿಯಲ್ಲಿ ಬದಲಿ ಕೇಳುವುದೊಂದೇ ದಾರಿ. ಒಂದೇ ಒಂದು ತಂತಿ ತಪ್ಪಿದ್ದರೆ ಅದು ಹಳೆಯದಾಗಿದೆ. ಅದರ ಕೆಳಭಾಗವನ್ನು ಉಗುರಿನಿಂದ ಸವರಿ ನೋಡಿದರೆ ಫ್ರೆಟ್ಟಿಗೆ ತಾಗಿ ತಾಗಿ ಬಿದ್ದ ಕಚ್ಚುಗಳು ಸಿಗುತ್ತವೆ. ಉದ್ದಕ್ಕೂ ದಪ್ಪ ಒಂದೇ ಇಲ್ಲದ ತಂತಿಯ ಉಪಸ್ವರಗಳು ಮೂಲಸ್ವರದ ಎರಡು, ಮೂರು ಪಟ್ಟಿಗೆ ಸರಿಯಾಗಿ ಬಾರವು. ಅದನ್ನು ಯಾವ ಕಿವಿಯೂ ಯಾವ ಯಂತ್ರವೂ ಕೂಡಿಸಲಾರದು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು, ಅದೂ ಕಾರ್ಯಕ್ರಮದ ಹಿಂದಿನ ದಿನವಲ್ಲ, ಒಂದು ವಾರ ಮೊದಲು.